ಲಿಂಗಪೂಜೆ ಆದ ಮೇಲಿನ ಅರ್ಧ ಗಂಟೆ

ಬಸವೇಶ್ವರನಗರದ ಜಗದಾಂಬಾ ಅವರ ಮನೆಯಲ್ಲಿ ಬಾಣಲೆ ಒಲೆಯಿಂದ ಇಳಿಯುತ್ತಲೇ ಇರಲಿಲ್ಲ. ಯಜಮಾನರು ರೇವಣಸಿದ್ದಯ್ಯನವರ ಎದೆಬಡಿತ ತಾಳ ತಪ್ಪುತ್ತಿತ್ತು. ಆಸ್ಪತ್ರೆಯಲ್ಲಿ ತೊಡೆಯ ರಕ್ತನಾಳದಿಂದ ಸಣ್ಣ ತಂತಿ ಕಳಿಸಿ, ಹೃದಯದೊಳಗೆ ಬಿಸಿ ಕೊಟ್ಟು ಸರಿಮಾಡಿದ್ದರು. ಅಂದಿನಿಂದ ನೋಡಲು ಬರುವ ನೆಂಟರೇ ನೆಂಟರು. ದಾವಣಗೆರೆ ಕಡೆಯ ಮನೆತನ. ಬಂದವರನ್ನು ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಇಲ್ಲದೆ ಕಳಿಸುವುದುಂಟೆ? ಅವರು ತಿನ್ನುವಾಗ ತಾನು ಸುಮ್ಮನೆ ಕೂತರೆ ಚೆನ್ನಾಗಿರುವುದಿಲ್ಲವೆಂದು ರೋಗಿಯೂ ಎಲ್ಲರ ಜೊತೆ ಒಂದೊಂದು ಬಜ್ಜಿ ತಿನ್ನುತ್ತಿದ್ದರು. ಪಾಪ, ಮರ್ಯಾದಸ್ಥರು.

ಹೃದಯವೇನೋ ಸರಿಹೋಯಿತು, ಎದೆಉರಿ ಹಿಡಿದುಕೊಂಡಿತು. ಮಲಗಿದರೆ ಸಾಕು, ಹುಳಿ ಗಂಟಲಿಗೆ ಬರುತ್ತಿತ್ತು. ಒಂದು ಬೆಳಿಗ್ಗೆ ರೇವಣಸಿದ್ದಯ್ಯನವರು ದೋಸೆ ತಟ್ಟೆ ಸರಿಸಿ ಹೇಳಿಬಿಟ್ಟರು.

"ಇವತ್ತಿಂದ ಮಾತ್ರೆ ಬಂದ್. ರಕ್ತ ತೆಳು ಮಾಡೋ ಮಾತ್ರೇನೇ ಹೊಟ್ಟೆ ಸುಡ್ತಾ ಇರೋದು. ಗ್ಯಾಸಿನ ಮಾತ್ರೆನೂ ದಂಡ."

"ಡಾಕ್ಟರನ್ನ ಕೇಳಿದ್ರಾ?"

"ಹೃದಯ ರಿಪೇರಿ ಆಯ್ತಲ್ಲ, ಇನ್ನೇನು ಕೇಳೋದು? ನನ್ನ ಹೊಟ್ಟೆ ನಂಗೆ ಗೊತ್ತಿಲ್ವಾ?"

ಜಗದಾಂಬಾ ಅವರಿಗೆ ಭಾವನ ನೆನಪಾಯಿತು. ಅಕ್ಕನ ಗಂಡ ಚನ್ನವೀರೇಶ್ ಅವರಿಗೂ ಇದೇ ಕಾಯಿಲೆ. ಅವರೂ ತಮಗೆ ತಾವೇ ಡಾಕ್ಟರಾಗಿ ರಕ್ತ ತೆಳು ಮಾಡುವ ಮಾತ್ರೆ ಬಿಟ್ಟಿದ್ದರು, ಆಮೇಲೆ ಪಾರ್ಶ್ವವಾಯು ಹೊಡೆದಿತ್ತು. ಆಕೆ ತಡಮಾಡದೆ ಪಕ್ಕದ ಮನೆಯ ಸತ್ಯವತಿಯವರನ್ನು ಕರೆತಂದರು. ಸತ್ಯವತಿ ಹೃದ್ರೋಗ ವಾರ್ಡಿನಲ್ಲಿ ನರ್ಸ್ ಆಗಿದ್ದು ನಿವೃತ್ತರಾದವರು.

"ಗ್ಯಾಸಿನ ಮಾತ್ರೆ ಯಾವಾಗ ತಗೋತೀರಾ?" ಎಂದು ಕೇಳಿದರು ಸತ್ಯವತಿ.

"ತಿಂಡಿ ಆದ್ಮೇಲೆ, ಎಲ್ಲಾ ಒಟ್ಟಿಗೆ."

"ತಿಂಡಿಗೆ ಅರ್ಧ ಗಂಟೆ ಮುಂಚೆ ಅಂತ ಹೇಳಿರ್ತಾರಲ್ಲ?"

"ಲಿಂಗಪೂಜೆ ಆಗದೆ ನಾನು ನೀರೂ ಮುಟ್ಟಲ್ಲಮ್ಮ. ಪೂಜೆ ಮುಗಿಯೋಷ್ಟರಲ್ಲಿ ದೋಸೆ ರೆಡಿ ಇರುತ್ತೆ."

ಜಗದಾಂಬಾ ತಲೆ ತಗ್ಗಿಸಿದರು. ಪೂಜೆ ಮುಗಿಯುವ ಸುಳಿವು ಸಿಕ್ಕರೆ ಸಾಕು, ಹೆಂಚಿನ ಮೇಲೆ ಹಿಟ್ಟು ಹುಯ್ಯುತ್ತಿದ್ದವರು ಅವರೇ.

ಸತ್ಯವತಿ ನಕ್ಕರು. "ಪೂಜೆ ಬಿಡಿ ಅಂತ ಯಾರಂದ್ರು? ಪೂಜೆ ಮುಗಿಸಿ, ಮಾತ್ರೆ ನುಂಗಿ, ಅರ್ಧ ಗಂಟೆ ಪೇಪರ್ ಓದಿ. ಆಮೇಲೆ ತಿಂಡಿ. ಅನ್ನನಾಳ ಹೃದಯದ ಹಿಂದೇನೇ ಇರೋದು. ಒಳಗೆ ಕೊಟ್ಟ ಬಿಸಿ ಅದಕ್ಕೂ ತಾಗಿರಬಹುದು. ಅದು ಮಾಯೋವರೆಗೂ ಹೊಟ್ಟೆ ಹುಳಿ ತಾಗದೇ ಇರ್ಲಿ ಅಂತಾನೇ ಕೆಲವು ವಾರ ಆ ಮಾತ್ರೆ ಕೊಡೋದು. ನೀವು ನೋಡಿದ್ರೆ ಅದರ ಮೇಲೆ ಬಜ್ಜಿ ಇಳಿಸ್ತಾ ಇದೀರಾ."

"ಮತ್ತೆ ಆ ರಕ್ತದ ಮಾತ್ರೆ?"

"ಡಾಕ್ಟರು ಹೇಳದೆ ಅದನ್ನ ಬಿಡೋ ಹಾಗೇ ಇಲ್ಲ. ರಕ್ತ ಹೆಪ್ಪುಗಟ್ಟಿ ಮೆದುಳಿಗೆ ಹೋದ್ರೆ ಏನು ಗತಿ? ನೆಗಡಿ ಬಂತು ಅಂತ ಮೂಗು ಕೊಯ್ಕೋತಾರಾ ಯಾರಾದ್ರೂ?"

"ಎಲ್ಲಾ ಸೇರಿ ಹೆದರಿಸ್ತೀರಾ. ನಾಲ್ಕು ದಿನ ಬಿಟ್ರೆ ಏನಾಗುತ್ತೆ?"

ಆಗ ಜಗದಾಂಬಾ ಬಾಯಿಬಿಟ್ಟರು. "ಭಾವನೋರೂ ಇದೇ ಮಾತು ಅಂದಿದ್ರು. ಇವತ್ತಿಗೂ ಅವರ ಎಡಗೈ ಬಿಚ್ಚಲ್ಲ. ನಮ್ಮಕ್ಕ ಪಕ್ಕದಲ್ಲಿ ಕೂತು ಅಂಗೈ ಬಿಡಿಸಿ ಹಿಡ್ಕೊಂಡ್ರೇನೇ ಪೂಜೇಲಿ ಅದರ ಮೇಲೆ ಲಿಂಗ ನಿಲ್ಲೋದು. ನಂಗೆ ಭಯ ಆಗುತ್ತೆ ರೀ."

ರೇವಣಸಿದ್ದಯ್ಯನವರು ತಮ್ಮ ಎಡ ಅಂಗೈ ನೋಡಿಕೊಂಡರು. ಬೆಳಗಿನ ವಿಭೂತಿ ಇನ್ನೂ ಗೆರೆಗಳಲ್ಲಿತ್ತು. ಬೆರಳು ಮಡಿಸಿದರು, ಬಿಚ್ಚಿದರು.

"ಆಸ್ಪತ್ರೆಗೆ ಫೋನ್ ಮಾಡು, ಹೋಗೋಣ" ಎಂದರು.

ಡಾಕ್ಟರು ಇಸಿಜಿ ತೆಗೆದು, ಗಾಬರಿಪಡುವಂಥದ್ದೇನೂ ಇಲ್ಲ ಎಂದರು. "ಎರಡು ಮಾತ್ರೆಯನ್ನೂ ಬಿಡಬೇಡಿ. ರಾತ್ರಿ ಬೇಗ, ಸ್ವಲ್ಪವೇ ಊಟ ಮಾಡಿ. ಉಂಡು ಎರಡು ಮೂರು ಗಂಟೆ ಮಲಗಬೇಡಿ. ಮಂಚದ ತಲೆಯ ಕಡೆ ಎತ್ತರಿಸಿ. ಆದ್ರೆ ಒಂದು ನೆನಪಿಡಿ. ಜ್ವರ, ಚಳಿ, ಎದೆನೋವು, ನುಂಗುವಾಗ ನೋವು, ರಕ್ತವಾಂತಿ, ಕಪ್ಪು ಮಲ, ಮಾತು ತೊದಲೋದು, ಕೈಕಾಲು ಸೋಲೋದು, ಇವುಗಳಲ್ಲಿ ಯಾವುದು ಕಂಡ್ರೂ ಗ್ಯಾಸು ಅಂತ ಕೂರಬೇಡಿ. ಚಿಕಿತ್ಸೆ ಆಗಿ ಒಂದೆರಡು ತಿಂಗಳಾದ್ಮೇಲೂ ಇವು ಬರಬಹುದು. ತಕ್ಷಣ ಬನ್ನಿ. ಯಾವ ಆಸ್ಪತ್ರೆಗೆ ಹೋದ್ರೂ ಈ ಚಿಕಿತ್ಸೆ ಆಗಿದೆ ಅಂತ ಮೊದಲು ಹೇಳಿ."

ನೆಂಟರು ಈಗಲೂ ಬರುತ್ತಾರೆ, ಬಜ್ಜಿಯೂ ಬರುತ್ತದೆ. "ನೀವು ತಿನ್ನಿ, ನಾನು ನೋಡಿ ಸಂತೋಷಪಡ್ತೀನಿ" ಎನ್ನುತ್ತಾರೆ ಯಜಮಾನರು. ಕಣ್ಣು ಮಾತ್ರ ತಟ್ಟೆಯ ಮೇಲೇ ಇರುತ್ತದೆ! ಉರಿ ವಾರದಿಂದ ವಾರಕ್ಕೆ ಇಳಿಯಿತು.

ಬೆಳಿಗ್ಗೆ ಪೂಜೆ ಮುಗಿದು ಮಾತ್ರೆ ನುಂಗಿದ ಮೇಲೆ ಜಗದಾಂಬಾ ಒಲೆ ಹಚ್ಚುವುದಿಲ್ಲ, ಗಂಡನ ಪಕ್ಕ ಬಂದು ಕೂರುತ್ತಾರೆ. ಮದುವೆಯಾದಾಗಿನಿಂದ ಬೆಳಗಿನ ಹೊತ್ತು ಇಬ್ಬರೂ ಹೀಗೆ ಸುಮ್ಮನೆ ಕೂತದ್ದೇ ಇರಲಿಲ್ಲ. ಆ ಅರ್ಧ ಗಂಟೆ ಅವರ ಎಡಗೈ ಆಕೆಯ ಕೈಯಲ್ಲಿರುತ್ತದೆ. ಪೇಪರ್ ಮಡಿಸಿದಂತೆಯೇ ಇರುತ್ತದೆ.

ಊಟ ಬಲ್ಲವನಿಗೆ ರೋಗವಿಲ್ಲ ಎಂದರು ಹಿರಿಯರು. ನಿಮ್ಮ ಮನೆಯಲ್ಲೂ ಯಾರಿಗಾದರೂ ಎದೆಬಡಿತದ ಚಿಕಿತ್ಸೆ ಆಗಿದೆಯೇ? ಮಾತ್ರೆಯನ್ನು ಯಾವ ಹೊತ್ತಿಗೆ ನುಂಗುತ್ತಾರೆ ಎಂದು ಇವತ್ತೇ ಕೇಳಿ. ಎದೆ ಉರಿದರೆ ಡಾಕ್ಟರಿಗೆ ಹೇಳಿ, ಮಾತ್ರೆಯನ್ನು ಮಾತ್ರ ನೀವಾಗಿಯೇ ಬಿಡಬೇಡಿ. ನೋಡಲು ಹೋಗುವವರೇ, ಎರಡು ಒಳ್ಳೆಯ ಮಾತು ಆಡಿ ಬನ್ನಿ, ಬಜ್ಜಿ ಇನ್ನೊಂದು ದಿನಕ್ಕಿರಲಿ.