ಬೋಳು ಕತ್ತಿನ ಹೂವು

ಎರಡೂ ಕಣ್ಣಿನ ಪೊರೆ ತೆಗೆಸಿಕೊಂಡು ಬಂದ ಮೇಲೆ ಹೆಲ್ಗೆಗೆ ಮೊದಲು ಕಂಡದ್ದು ತನ್ನ ಅಡುಗೆಮನೆಯ ಗಲೀಜು, ಆಮೇಲೆ ಕನ್ನಡಿಯಲ್ಲಿ ತನ್ನದೇ ಮುಖ. ಎರಡನ್ನೂ ಕೈಲಾದಷ್ಟು ಒರೆಸಿಕೊಂಡ. ಮೂರನೆಯದು ಕಂಡದ್ದು ಜುಲೈ ತಿಂಗಳ ಒಂದು ಭಾನುವಾರ, ಹನ್ನೊಂದು ಜನರ ಎದುರಿಗೆ, ಅದೂ ಅವನೇ ಬೆರಳು ಮಾಡಿ ತೋರಿಸುತ್ತಿದ್ದಾಗ.

ಹಾಸೆಲ್‌ವಿಕ್ ಊರಿನ ಬೇಸಿಗೆಯ ಹೂ-ನಡಿಗೆ ಎಂದರೆ ಹೆಲ್ಗೆಯದೇ ದರ್ಬಾರು. ನಲವತ್ತು ವರ್ಷ ಶಾಲೆಯಲ್ಲಿ ಜೀವಶಾಸ್ತ್ರ ಹೇಳಿದ ಬಾಯಿ, ನಿವೃತ್ತಿಯಾಯಿತೆಂದು ಸುಮ್ಮನಿರುತ್ತದೆಯೇ? ಜನ ಥರ್ಮಾಸಿನಲ್ಲಿ ಕಾಫಿ, ಚೀಲದಲ್ಲಿ ದಾಲ್ಚಿನ್ನಿ ಬನ್ನು ತುಂಬಿಕೊಂಡು ಬರುತ್ತಿದ್ದರು. ಅವರಿಗೆ ಹೂವು ನೆಪ, ಬನ್ನೇ ಮುಖ್ಯ ಎಂಬುದು ಹೆಲ್ಗೆಗೂ ಗೊತ್ತಿತ್ತು. ಆದರೂ ನಡಿಗೆಯ ಕೊನೆಗೆ ಬೇಲಿಯ ಮುಂದೆ ನಿಂತಾಗ, ಇವರೆಲ್ಲ ನನ್ನ ಮಾತು ಕೇಳಲೆಂದೇ ಬಂದವರು ಎಂದು ಎದೆ ಉಬ್ಬಿಸುತ್ತಿದ್ದ.

ಆ ಬೇಲಿ ಇದ್ದದ್ದು ಊರಿನಿಂದ ಕಡಲಿಗೆ ಇಳಿಯುವ ಹುಲ್ಲಿನ ಇಳಿಜಾರಿನಲ್ಲಿ. ಕೆಳಗೆ ನೀರಿನೊಳಕ್ಕೆ ಚಾಚಿಕೊಂಡ ಮರದ ಈಜುಕಟ್ಟೆ. ಮೊದಲು ಊರವರು ಬೆಳಿಗ್ಗೆ ನಿಲುವಂಗಿ ಸುತ್ತಿಕೊಂಡು ನೆಟ್ಟಗೆ ಇಳಿದು, ಒಂದು ಮುಳುಗು ಹಾಕಿ ಬಂದು ಕಾಫಿ ಕುಡಿಯುತ್ತಿದ್ದರು. ಬೇಲಿ ಬಂದ ಮೇಲೆ ಕಲ್ಲುದಾರಿಯಲ್ಲಿ ಸುತ್ತಿಕೊಂಡು ಹೋಗಬೇಕಾಯಿತು. ಕಾರಣ ಒಂದು ಗಿಡ.

ಪುದೀನದ ವಂಶದ ಗಿಡ ಅದು: ಚೌಕ ಕಾಂಡ, ತುಟಿ ಬಿಚ್ಚಿದಂಥ ನೇರಳೆ ಹೂವು. ಹೆಸರು ಕಂದುಮೂಲಿಕೆ. ಸಾಮಾನ್ಯ ಕಂದುಮೂಲಿಕೆ ಎಲ್ಲರ ಅಂಗಳದಲ್ಲೂ ಇದೆ. ಕತ್ತರಿಸಿದರೆ ಮುಂದಿನ ವಾರ ಮತ್ತೆ ತಲೆ ಎತ್ತುತ್ತದೆ. ಆದರೆ ಹೆಲ್ಗೆ ಹನ್ನೊಂದು ವರ್ಷದ ಹಿಂದೆ, ಜಿನುಗು ಮಳೆಯ ಒಂದು ಸಂಜೆ ಕಂಡುಹಿಡಿದದ್ದು ಅದರ ಅಪರೂಪದ ಅಣ್ಣನನ್ನು, ದೊಡ್ಡ ಕಂದುಮೂಲಿಕೆಯನ್ನು. ಆ ಸೀಮೆಯ ಸಸ್ಯಗಳ ಪುಸ್ತಕದಲ್ಲಿ ಅದಕ್ಕೊಂದು ಸಾಲು, ಸಾಲಿನ ಕೊನೆಗೆ ಹೆಲ್ಗೆಯ ಹೆಸರು. ಈಗ ಪುಸ್ತಕವನ್ನು ಎಲ್ಲಿ ಹಿಡಿದು ತೆರೆದರೂ ಅದೇ ಪುಟ ತೆರೆದುಕೊಳ್ಳುತ್ತಿತ್ತು.

"ಗುರುತು ಬಹಳ ಸುಲಭ," ಎಂದು ಹೆಲ್ಗೆ ಗಂಟಲು ಸರಿಮಾಡಿಕೊಂಡ. "ಸಾಮಾನ್ಯದ್ದಕ್ಕೆ ಹೂಗೊಂಚಲಿನ ಬುಡಕ್ಕೇ ಒಂದು ಜೊತೆ ಎಲೆ ಅಂಟಿಕೊಂಡಿರತ್ತೆ, ಕೊರಳಪಟ್ಟಿ ಥರ. ದೊಡ್ಡದಕ್ಕೆ ಕತ್ತು ಬೋಳು. ಅಗೋ, ನೋಡಿ!"

ಎಲ್ಲರೂ ನೋಡಿದರು. ಹೆಲ್ಗೆಯೂ ನೋಡಿದ. ನಾಲ್ಕು ಹೆಜ್ಜೆ ದೂರದಲ್ಲಿ ನೂರಾರು ಹೂಗೊಂಚಲು, ಮದುವೆಗೆ ಹೊರಟ ಗಂಡಸರ ಹಾಗೆ, ಒಂದೊಂದೂ ಕೊರಳಪಟ್ಟಿ ಬಿಗಿದುಕೊಂಡು ನಿಂತಿತ್ತು.

"ಅಯ್ಯೋ ಹೌದಲ್ಲ, ಎಷ್ಟು ಬೋಳು!" ಎಂದಳು ಬೇಸಿಗೆ ಕಳೆಯಲು ಪಟ್ಟಣದಿಂದ ಬಂದಿದ್ದ ಹೆಂಗಸೊಬ್ಬಳು. ಉಳಿದವರೂ ತಲೆಯಾಡಿಸಿದರು. ನಲವತ್ತು ವರ್ಷ ನನ್ನ ಪಾಠಕ್ಕೆ ಮಕ್ಕಳು ಆಡಿಸಿದ್ದೂ ಇಂಥದೇ ತಲೆಯಿರಬೇಕು ಎಂದು ಹೆಲ್ಗೆಗೆ ಅನ್ನಿಸಿತು.

ಆದದ್ದೇನು ಎಂದು ಅವನಿಗೆ ಅಲ್ಲೇ ಹೊಳೆಯಿತು. ಆ ಸಂಜೆ ಕಂಡದ್ದು ಒಂದೇ ಒಂದು ಕಾಂಡ. ಅದರ ಕೊರಳಪಟ್ಟಿಯನ್ನು ಯಾವುದೋ ಬಸವನಹುಳು ಮೇದುಹಾಕಿತ್ತು. ಹೆಲ್ಗೆ ಹುಳುವಿನ ಊಟವನ್ನು ಸಂಶೋಧನೆ ಎಂದುಕೊಂಡು ಆ ಪುಸ್ತಕ ಬರೆಯುತ್ತಿದ್ದ ಗೆಳೆಯನಿಗೆ ಫೋಟೋ ಕಳಿಸಿದ. ಫೋಟೋ ನೋಡಿದ ಗೆಳೆಯ ಶಹಬ್ಬಾಸ್ ಎಂದ. ಮರುವಾರವೇ ಹೆಲ್ಗೆ ಮುಂದೆ ನಿಂತು ಹಾಕಿಸಿದ ಬೇಲಿ. ಒಳಗೆ ಯಾರೂ ಕಾಲಿಡಕೂಡದೆಂದು ಫಲಕ. ಆ ಆಜ್ಞೆಯನ್ನು ಊರವರಿಗಿಂತ ಕಟ್ಟುನಿಟ್ಟಾಗಿ ಪಾಲಿಸಿದವನು ಹೆಲ್ಗೆಯೇ. ಹನ್ನೊಂದು ವರ್ಷ ಪೊರೆಗಣ್ಣಿನಲ್ಲಿ, ನಾಲ್ಕು ಹೆಜ್ಜೆ ದೂರದಿಂದ, ಕೈಕಟ್ಟಿ ನೋಡಿದ. ಕತ್ತರಿಸುವವರಿಲ್ಲದೆ ಗಿಡಗಳು ಸೊಂಪಾಗಿ ಬೆಳೆದಾಗ, ಪುಸ್ತಕದಲ್ಲಿ ಹೇಳಿದ ಹಾಗೇ ಇದೆ ಎಂದು ಬೀಗಿದ.

ಕಾಫಿಯ ಹೊತ್ತಿಗೆ ಅವನು ಬನ್ನು ಹಿಡಿದುಕೊಂಡು ಒಂದು ಬಂಡೆಯ ಮೇಲೆ ಕೂತ. ಇನ್ನೊಂದು ತುದಿಯಲ್ಲಿ ಡಾಗ್ನಿ ಕೂತಿದ್ದಳು. ಎಂಬತ್ತೊಂದರ ಮುದುಕಿ, ಇಳಿಜಾರಿನ ಮೇಲಿನ ಹಳದಿ ಮನೆಯವಳು.

"ಏನು ಮೇಷ್ಟ್ರೇ, ಬನ್ನು ಗಂಟಲಲ್ಲಿ ಸಿಕ್ಕೊಂಡಿತಾ? ಮುಖ ಹಿಟ್ಟಿನ ಹಾಗಾಗಿದೆ."

"ಬಿಸಿಲು," ಎಂದ ಹೆಲ್ಗೆ. ಮೋಡ ಕವಿದಿತ್ತು.

"ಒಂದು ಮಾತು ಕೇಳ್ತೀನಿ, ಬೈಬೇಡ. ಇವತ್ತೊಂದು ದಿನ ನಿನ್ನ ಬೇಲಿ ದಾಟಿ ಇಳೀಲಾ? ಆ ಕಲ್ಲುದಾರೀಲಿ ನನ್ನ ಸೊಂಟ ನಡೆಯಲ್ಲ. ಈ ಬೇಸಿಗೇಲಿ ಒಂದ್ಸಲಾನೂ ನೀರಿಗಿಳಿದಿಲ್ಲ. ಒಂದೊಂದು ಗಿಡಕ್ಕೂ ತಪ್ಪಾಯ್ತು ಅಂತ ಹೇಳ್ಕೊಂಡೇ ಹೋಗ್ತೀನಿ, ಬೇಕಾದ್ರೆ."

ಅವಳ ಕೋಟಿನ ಕೆಳಗೆ ಸ್ನಾನದ ನಿಲುವಂಗಿಯ ಅಂಚು ಇಣುಕುತ್ತಿತ್ತು. ಮುದುಕಿ ತಯಾರಾಗಿಯೇ ಬಂದಿದ್ದಳು.

ಆಗಲಿ, ಇವತ್ತೊಂದು ದಿನ ಎನ್ನಬಹುದಿತ್ತು. ಪುಸ್ತಕದ ಸಾಲೂ ಉಳಿಯುತ್ತಿತ್ತು, ದೊಡ್ಡ ಮನಸ್ಸಿನವನೆಂಬ ಹೆಸರೂ ಬರುತ್ತಿತ್ತು. ಹೆಲ್ಗೆ ಆ ಮಾತಿಗೆಂದೇ ಬಾಯಿ ತೆರೆದ. ಆದರೆ ನಾಳೆಯೂ ಇವಳು ಹೀಗೇ ಅಂಗಲಾಚಬೇಕಲ್ಲ ಎಂಬುದು ಯೋಚನೆಗೆ ಬಂದು ನಾಚಿಕೆಯಾಯಿತು.

"ಡಾಗ್ನಿ, ಅದು ಸಾಮಾನ್ಯದ್ದು."

"ಯಾವುದು?"

"ಗಿಡ. ನಿಮ್ಮಂಗಳದಲ್ಲಿ ಇರೋದೇ ಇದೂ. ನಾನು ಕತ್ತೆ. ಹನ್ನೊಂದು ವರ್ಷ ಕಳೆಗೆ ಕಾವಲು ಕಾದೆ."

ಅಷ್ಟು ಹೇಳಿ ಹೆಲ್ಗೆ ಎದ್ದುಹೋಗಿ ಬೇಲಿಯ ಮೊದಲ ಗೂಟ ಹಿಡಿದು ಜಗ್ಗಿದ. ಗೂಟ ಅವನೆಣಿಸಿದಷ್ಟು ಗಟ್ಟಿಯಿರಲಿಲ್ಲ. ಕಿತ್ತು ಕೈಗೆ ಬಂತು, ಹೆಲ್ಗೆ ಅಂಡೂರಿ ಕುಸಿದ. ಇದೂ ಕಾರ್ಯಕ್ರಮದ ಭಾಗವೆಂದುಕೊಂಡು ಪಟ್ಟಣದ ಹೆಂಗಸು ಚಪ್ಪಾಳೆ ತಟ್ಟಿದಳು. ಕೂತಲ್ಲಿಂದಲೇ ಅವನು ಎಲ್ಲರಿಗೂ ವಿಷಯ ಹೇಳಿದ. ಒಬ್ಬಿಬ್ಬರು ನಕ್ಕರು, ಅವನೂ ನಕ್ಕ. ಡಾಗ್ನಿ ಮಾತ್ರ ನಗಲಿಲ್ಲ. ಕೋಲೂರಿಕೊಂಡು ಹತ್ತಿರ ಬಂದಳು.

"ಎರಡು ವರ್ಷದ ಹಿಂದೆ ನಮ್ಮ ಎವರ್ತ್ ಕೊನೇ ಸಲ ನೀರಿಗಿಳೀಬೇಕು ಅಂದಿದ್ದ. ಗಾಲಿಕುರ್ಚಿ ಕಲ್ಲುದಾರೀಲಿ ಹೋಗ್ತಿರ್ಲಿಲ್ಲ. ಹುಲ್ಲಿನ ಮೇಲೆ ಹೋಗಲಾ ಅಂತ ಕೇಳ್ದೆ. ನೆನಪಿದೆಯಾ?"

ಹೆಲ್ಗೆಗೆ ನೆನಪಿತ್ತು. ಗಂಡನಿಗಾಗಿ ಅವಳು ಕೇಳಿದ್ದಕ್ಕೆ ಆಗುವುದಿಲ್ಲವೆಂದು ಕಾಗದ ಬರೆದಿದ್ದ. ಒಂದು ಪುಟದ ಕಾಗದ. ಗಿಡದ ಲ್ಯಾಟಿನ್ ಹೆಸರಿನ ಕೆಳಗೆ ಗೆರೆ ಎಳೆದಿದ್ದ. ವೈಯಕ್ತಿಕ ಆಸೆಗಳಿಗಿಂತ ಪ್ರಕೃತಿ ದೊಡ್ಡದು ಎಂದು ಮುಗಿಸಿ, ಆ ವಾಕ್ಯ ಚೆನ್ನಾಗಿ ಬಂತೆಂದು ಎರಡು ಸಲ ಓದಿಕೊಂಡಿದ್ದ. ಎವರ್ತ್ ಆ ವರ್ಷದ ಸೆಪ್ಟೆಂಬರಿನಲ್ಲೇ ತೀರಿಕೊಂಡ.

"ಡಾಗ್ನಿ..." ಎಂದ. ತನ್ನನ್ನು ತಾನು ಕತ್ತೆ ಎಂದುಕೊಂಡದ್ದು ಎಷ್ಟು ಅಗ್ಗದ ಕೆಲಸ ಎಂದು ಅವನಿಗೆ ಆಗ ಅರ್ಥವಾಯಿತು.

"ಏಳು. ತೋಳು ಕೊಡು."

ಅವಳನ್ನು ಹಿಡಿದುಕೊಂಡು ಅವನು ನಿಧಾನವಾಗಿ ಇಳಿದ. ಕಾಲಿಟ್ಟಲ್ಲೆಲ್ಲ ನೇರಳೆ ಹೂವು. ಹೆಲ್ಗೆ ಅಭ್ಯಾಸಬಲದಿಂದ ಗಿಡ ತಪ್ಪಿಸಿ ಕಾಲಿಡಹೋಗಿ ಎರಡು ಸಲ ಎಡವಿದ.

"ತುಳಿಯೋ ಮಾರಾಯ! ನನ್ನನ್ನೂ ಬೀಳಿಸ್ತೀಯ."

ತುಳಿದ. ಇದು ತುಳಿದಷ್ಟೂ ಹರಡುವ ಗಿಡ ಎಂದು ಶಾಲೆಯಲ್ಲಿ ತಾನೇ ಪಾಠ ಮಾಡಿದ್ದ.

ಕಟ್ಟೆಯ ಮೇಲೆ ಡಾಗ್ನಿ ಕೋಟು, ನಿಲುವಂಗಿ ಎರಡನ್ನೂ ಕಳಚಿ ಅವನ ಕೈಗೆ ತುರುಕಿದಳು. "ಆ ಕಡೆ ತಿರುಗು. ಈಗ ನಿನಗೆ ಎಲ್ಲಾ ಕಾಣ್ಸತ್ತೆ."

ಹೆಲ್ಗೆ ತಿರುಗಿ ನಿಂತ. ಇಳಿಜಾರಿನಲ್ಲಿ ತಾವಿಬ್ಬರೂ ತುಳಿದ ದಾರಿ ನೆಟ್ಟಗೆ ಕಾಣುತ್ತಿತ್ತು. ನೂರು ಹೆಜ್ಜೆಯೂ ಇರಲಿಲ್ಲ. ಬೆನ್ನ ಹಿಂದೆ ನೀರು ಕಲಕಿದ ಸದ್ದು, ಆಮೇಲೆ ಚಳಿಗೆ ಮುದುಕಿ ಉಸಿರೆಳೆದ ಸದ್ದು.

"ಹೆಲ್ಗೆ!"

"ಹೇಳಿ."

"ನಾಳೆ ಬೆಳಿಗ್ಗೆ ಏಳಕ್ಕೆ ಬಾ. ಆ ಕಾಗದ ನನ್ನ ಹತ್ರ ಇದೆ, ತರ್ತೀನಿ. ಇಲ್ಲಿ ನಿಂತ್ಕೊಂಡು ಓದು. ಗಟ್ಟಿಯಾಗಿ ಓದ್ಬೇಕು, ನೀರಿಗೂ ಕೇಳೋ ಹಾಗೆ."

"ಬರ್ತೀನಿ," ಎಂದ ಹೆಲ್ಗೆ. ಇನ್ನೂ ಬೆಚ್ಚಗಿದ್ದ ನಿಲುವಂಗಿಯನ್ನು ಎದೆಗೊತ್ತಿ ಹಿಡಿದುಕೊಂಡು, ಅವಳು ಮೇಲೆ ಬರುವ ತನಕ ತಿರುಗದೆ ನಿಂತಿದ್ದ.