ಫಿಕರ್ ಇಲ್ಲದ ಮನೆ

ಎಪ್ಪತ್ನಾಲ್ಕನೇ ಇಸವಿಯ ಚಳಿಗಾಲದಲ್ಲಿ ಹುಮನಾಬಾದಿನ ಡಾಕ್ಟರ್ ಗಯಾಸುದ್ದೀನ್ ಕುರಿಗಾಹಿ ಮಡೆಪ್ಪನ ತೋಳಿಗೆ ಪಟ್ಟಿ ಸುತ್ತಿ, ಪಾದರಸ ಏರಿದ್ದನ್ನು ನೋಡಿ ಹುಬ್ಬು ಗಂಟಿಕ್ಕಿದರು. ಎರಡು ದಿನ ದವಾಖಾನೆಯಲ್ಲೇ ಮಲಗಿಸಿಕೊಂಡು, ಕಳಿಸುವಾಗ ಅವನ ಹೆಂಡತಿ ಗಂಗುಬಾಯಿಗೆ ಹೇಳಿದರು: "ಸಿಟ್ಟು, ಚಿಂತಿ-ಫಿಕರ್ ಎರಡೂ ಇವರಿಗಿ ವಿಷ ಇದ್ದಂಗ ನೋಡವ್ವ. ರಕ್ತದ ಒತ್ತಡ ಏರಿತಂದ್ರ ದಿಮಾಗಿನ ನರ ಒಡೀತದ. ಗುಳಿಗಿ ತಪ್ಪಸಬ್ಯಾಡ್ರಿ."

ಗುಳಿಗೆಗಿಂತ ಗಂಗುಬಾಯಿಗೆ ಮೊದಲಿನ ಮಾತೇ ಹೆಚ್ಚು ಹಿಡಿಸಿತು. ಕೆಟ್ಟ ಸುದ್ದಿ ಇನ್ನು ಹೊಸ್ತಿಲು ದಾಟಕೂಡದು ಎಂದಳು. ಕಲ್ಯಾಣದ ಪಕ್ಕದ ಅವರ ಊರಿನ ಇಡೀ ಓಣಿ ಕೈಜೋಡಿಸಿತು. ಆ ವಾರ ಓಣಿಯಲ್ಲಿ ಯಾರೂ ಸಾಯಲಿಲ್ಲ. ಸತ್ತವರೆಲ್ಲ ಮಗಳ ಊರಿಗೆ ಹೋದರು.

ತೊಡಕಾದದ್ದು ಕುರಿಗಳಿಂದ. ಮಡೆಪ್ಪ ಹುಮನಾಬಾದಿನಲ್ಲಿದ್ದಾಗ ತೋಳ ಮೂರನ್ನು ಒಯ್ದಿತ್ತು. ಮಗ ಪಂಡರಿ ಕಲ್ಯಾಣದ ಸಂತೆಯಿಂದ ಅದೇ ಬಣ್ಣದ, ಅದೇ ಎತ್ತರದ ಮೂರನ್ನು ತಂದು ಹಿಂಡಿಗೆ ಬಿಟ್ಟ.

"ನಲವತ್ತೆರಡಕ್ಕ ನಲವತ್ತೆರಡು ಆತಲ್ಲವ್ವಾ. ಯಪ್ಪಗ ಏನ್ ಗೊತ್ತಾಗ್ತದ?"

ಪಂಡರಿ ಶಾಲೆ ಕಲಿತವನು. ಮಡೆಪ್ಪನಿಗೆ ಅಂಕಿ ಬರುತ್ತಿರಲಿಲ್ಲ, ಮುಖಗಳು ಬರುತ್ತಿದ್ದವು. ಸಂಜೆ ದೊಡ್ಡಿಯ ಬಾಗಿಲಲ್ಲಿ ನಿಂತು ಒಂದೊಂದನ್ನೂ ಹೆಸರು ಹಿಡಿದು ಒಳಗೆ ಬಿಡುವುದು ಅವನ ರೂಢಿ. ಮರಳಿದ ಮೊದಲ ಸಂಜೆಯೇ ಒಂದು ಕುರಿಯ ಮುಂದೆ ಅವನ ಕೈ ತಡೆಯಿತು.

"ಇದ್ಯಾವುದಲೇ?"

"ಲಕ್ಕಿ ಯಪ್ಪಾ. ನಿನ್ನ ಕೈಯಾಗೇ ಹುಟ್ಟಿದ್ದು."

"ಮತ್ತ ನನ್ನ ಗುರುತೇ ಹಿಡೀವಲ್ದಲ್ಲೋ." ಮಡೆಪ್ಪ ಹೆಂಡತಿಯ ಕಡೆ ತಿರುಗಿದ.

"ಲಕ್ಕೀನೇ ಹೌದ್ರಿ. ದವಾಖಾನಿ ವಾಸನಿ ಹೊತ್ಕೊಂಡು ಬಂದೀರಿ, ಅದಕ್ಕರೆ ಹ್ಯಾಂಗ ಗೊತ್ತಾಗಬೇಕು?" ಎಂದು ಗಂಗುಬಾಯಿ ನಕ್ಕಳು. ನಗು ಅವಳೇ ಬೆದರುವಷ್ಟು ಸಲೀಸಾಗಿ ಬಂತು.

ಮಡೆಪ್ಪ ಮೂರನ್ನೂ ಸತ್ತವುಗಳ ಹೆಸರಿನಿಂದಲೇ ಕರೆದು ಒಳಗೆ ಬಿಟ್ಟ. ಅಂದಿನಿಂದ ನಿದ್ದೆ ಹೋಯಿತು, ರೊಟ್ಟಿ ತಾಟಿನಲ್ಲೇ ಉಳಿಯತೊಡಗಿತು. ಗುಳಿಗೆ ತಪ್ಪದೆ ಇಳಿಯುತ್ತಿತ್ತು. ಹಣೆಯ ನರ ಮಾತ್ರ ದಿನದಿನಕ್ಕೆ ಉಬ್ಬುತ್ತಿತ್ತು. ಐದನೆಯ ದಿನ ಗಂಗುಬಾಯಿ ಊಟ ತಂದಿಟ್ಟಾಗ, ಕುರಿ ನೋಡುವ ಹಾಗೆ ಅವಳ ಮುಖವನ್ನು ಬಹಳ ಹೊತ್ತು ನೋಡಿದ.

"ನೀ ಗಂಗೂನೇ ಹೌದಲ್ಲ?"

ಅವಳು ತಾಟು ಸರಿಸಿ ಅವನ ಎದುರಿಗೆ ಕುಳಿತಳು. "ಸುಳ್ಳ ಹೇಳೀವ್ರಿ! ಮೂರು ಕುರಿ ತೋಳ ಒಯ್ದದ. ಇವು ಸಂತಿ ಕುರಿ. ನಿಮ್ಮ ತಲಿ ನೆಟ್ಟಗೇ ಅದ್ರಿ!"

ಮಡೆಪ್ಪ ಪೂರ್ತಿ ಕೇಳಿದ. ಎಂದೂ ಇಲ್ಲದ ಅಕ್ಕರೆಯಿಂದ ಅವಳ ಕೈ ತಟ್ಟಿದ. "ನನ್ನ ಸಮಾಧಾನಕ್ಕ ಛಲೋ ಹೇಳ್ತಿ ಬಿಡು. ಫಿಕರ್ ಕೊಡಬ್ಯಾಡ್ರಿ ಅಂತ ಡಾಕ್ಟರ್ ಹೇಳಿದ್ದು ನಾನೂ ಕೇಳೀನಿ."

ದೊಡ್ಡಿಗೆ ಹೋಗಲು ಎದ್ದ. ಎಡಗಾಲು ಬರಲಿಲ್ಲ, ಗೋಡೆ ಹಿಡಿದ. ಬಾಯಿಯ ಒಂದು ಬದಿ ಜೋತುಬಿದ್ದಿತ್ತು.

"ಪಂಡರೀ, ಗಾಡಿ ಕಟ್ಟೋ!" ಎಂದು ಗಂಗುಬಾಯಿ ಚೀರಿದಳು.

"ಏನಾತು, ಗಂಗೂ?" ಮಾತು ತೊದಲುತ್ತಿತ್ತು.

"ಏನಿಲ್ರಿ," ಎಂದಿತು ಅವಳ ನಾಲಿಗೆ.