ಕಂಬದ ಕೆಳಗಿನ ಇಬ್ಬರು

ಗಡಿಯ ಪಟ್ಟಣವನ್ನು ಪರದೇಶದ ಸೈನ್ಯ ಹಿಡಿದುಕೊಂಡಿತ್ತು. ಅಲ್ಲಿನ ಲೈನ್‌ಮನ್ ಒಬ್ಬ ಹರಿದ ತಂತಿ ಕಟ್ಟಲು ಕಂಬ ಹತ್ತಿದಾಗ ಸೈನಿಕರು ಗುಂಡು ಹಾರಿಸಿದರು. ಕಂಬದ ಬುಡದಲ್ಲಿ ಸತ್ತುಬಿದ್ದಿದ್ದ ಅವನ ಚಿತ್ರ ರಾಜಧಾನಿಯ ಪತ್ರಿಕೆಯೊಂದಕ್ಕೆ ಬಂತು. ಮುಖಪುಟ ಕಟ್ಟುತ್ತಿದ್ದ ಉಪಸಂಪಾದಕಿ, ಸಂಪಾದಕರ ಮಾತಿನಂತೆ, ಅಜ್ಜಂದಿರ ಕಾಲದಲ್ಲಿ ಇನ್ನೊಂದು ಸೈನ್ಯ ಬಂದು ಕೂತಿದ್ದಾಗ ತೆಗೆದ ಚಿತ್ರ ಹುಡುಕಿ ಪಕ್ಕದಲ್ಲಿಟ್ಟಳು. ಅಲ್ಲೂ ಒಂದು ಕಂಬ, ಬುಡದಲ್ಲಿ ಒಬ್ಬ ಯುವಕ. ತಲೆಬರಹ: ‘ಅಂದು, ಇಂದು’.

ಮರುದಿನದಿಂದ ಪತ್ರಗಳ ಸುರಿಮಳೆ. ಎತ್ತಣ ಆ ಸೈನ್ಯ, ಎತ್ತಣ ಈ ಸೈನ್ಯ ಎಂದು ನಿವೃತ್ತ ಪ್ರೊಫೆಸರರೊಬ್ಬರು ಗುಡುಗಿದರು. ಎರಡೂ ಒಂದೇ ಹುತ್ತದ ಹಾವುಗಳು ಎಂದು ಇನ್ನೊಬ್ಬರು. ಟಿವಿಯವರೂ ಅದನ್ನೇ ಜಗಿದರು. ಸತ್ತವನ ಹೆಸರು ಎಲ್ಲರ ಬಾಯಿಂದ ಬಿಟ್ಟುಹೋಗಿ, ಅವನು ಬರೀ ‘ಇಂದಿನವ’ನಾದ.

ಪಟ್ಟಣ ಬಿಟ್ಟು ರಾಜಧಾನಿಯಲ್ಲಿನ ಮಗಳ ಮನೆ ಸೇರಿದ್ದ ಅವನ ತಾಯಿ ಆ ಪುಟವನ್ನು ಮಡಚಿಕೊಂಡು ಕಚೇರಿಗೆ ಬಂದಳು.

“ಇದನ್ನ ಮಾಡಿದ್ದು ಯಾರಮ್ಮ?”

“ನಾನೇ. ಕೂತ್ಕೊಳ್ಳಿ ಅಮ್ಮ,” ಎಂದಳು ಉಪಸಂಪಾದಕಿ.

ತಾಯಿ ಕೂರಲಿಲ್ಲ. “ಪಕ್ಕದಲ್ಲಿ ಬಿದ್ದಿರೋನು ಯಾರ ಮಗ?”

“ಗೊತ್ತಿಲ್ಲಮ್ಮ. ಹಳೇ ಫೋಟೊ. ಹೆಸರಿರ್ಲಿಲ್ಲ.”

“ಅಯ್ಯೋ, ಅವನ ಹೆಸರೂ ಹೀಗೇ ಹೋಯ್ತಾ.” ಮುದುಕಿ ಸೆರಗಿನಿಂದ ಮೂಗೊರೆಸಿಕೊಂಡಳು. “ನನ್ ಮಗ ಯಾರ ಥರಾನೂ ಇರ್ಲಿಲ್ಲ ಕಣಮ್ಮ. ಕಂಬದ ಮೇಲೆ ಕೂತು ಹಾಡೋನು, ಶ್ರುತಿ ಇಲ್ಲ, ತಾಳ ಇಲ್ಲ. ಬೀದಿಯವರು ‘ಹಾಡು ಬೇಡ ಮಾರಾಯ, ಕರೆಂಟ್ ಕೊಡು’ ಅನ್ನೋರು.” ನಗಲು ಹೋದ ಬಾಯಿ ಸೊಟ್ಟಗಾಯಿತು. “ಅವನೊಬ್ಬನ್ನೇ ಹಾಕ್ತೀಯಾ?”

ಉಪಸಂಪಾದಕಿ ಆ ಮಾತುಗಳನ್ನೇ ಬರೆದಳು. “ಹೋಲಿಕೆ ಇಲ್ದಿದ್ರೆ ಓದೋರಿಗೆ ನಾಟಲ್ಲ,” ಎಂದರು ಸಂಪಾದಕರು. “ಇದೊಂದು ಸಲ ಬಿಡಿ ಸರ್,” ಎಂದು ಅವಳು ಪಟ್ಟು ಹಿಡಿದಳು. ತಾಯಿ ಕಳಿಸಿದ, ತಂಗಿಯ ಮದುವೆಯಲ್ಲಿ ನಗುತ್ತ ನಿಂತಿದ್ದ ಅವನ ಚಿತ್ರ ಒಳಪುಟದಲ್ಲಿ ಒಂಟಿಯಾಗಿ ಬಂತು.

ಅದರ ಬಗ್ಗೆ ಒಂದು ಪತ್ರವೂ ಬರಲಿಲ್ಲ. ಬಂದದ್ದು ತಾಯಿಯ ಫೋನ್.

“ನೋಡ್ದೆ ಮಗಳೇ. ಚೆನ್ನಾಗಿ ಬಂದಿದಾನೆ. ಜನ ಏನಂದ್ರು?”

ಮೇಜಿನ ಮೇಲೆ ಪ್ರೊಫೆಸರರ ಹೊಸ ಪತ್ರವಿತ್ತು, ಮತ್ತದೇ ಎರಡು ಸೈನ್ಯಗಳ ವಾದ. ಉಪಸಂಪಾದಕಿ ಅದನ್ನು ಬೋರಲು ಹಾಕಿದಳು.

“ತುಂಬಾ ಜನ ಅತ್ರಂತೆ ಅಮ್ಮ.”

“ಸದ್ಯ,” ಎಂದಳು ತಾಯಿ, “ನಾನೊಬ್ಳೇ ಅಂದ್ಕೊಂಡಿದ್ದೆ.”